ಒಡೆದ ಗಾಲಿಯ ಬಣ್ಣ

ಎರಕದ ಕಬ್ಬಿಣ ಒಡೆದಾಗ ಅದರ ಒಳಮೈ ಬೆಲ್ಲದ ಅಚ್ಚನ್ನು ಮುರಿದಂತೆ ಕಾಣುತ್ತದೆ. ಹರಳು ಹರಳಾಗಿ, ಬೂದುಬಣ್ಣದಲ್ಲಿ, ಬಿಸಿಲಿಗೆ ಹಿಡಿದರೆ ಅಲ್ಲಲ್ಲಿ ಮಿನುಗುತ್ತದೆ. ಇದು ಆಗತಾನೆ ಒಡೆದ ಕಬ್ಬಿಣದ ಮಾತು. ಮೊದಲೇ ಬಿರುಕು ಬಿಟ್ಟು, ಆಮೇಲೆ ಎಂದೋ ಒಂದು ದಿನ ಒಡೆದದ್ದಾದರೆ, ಬಿರುಕಿದ್ದಷ್ಟು ಭಾಗ ಮಿನುಗುವುದಿಲ್ಲ. ಅಲ್ಲಿಗೆ ಎಣ್ಣೆ ಇಳಿದಿರುತ್ತದೆ, ಧೂಳು ಇಳಿದಿರುತ್ತದೆ. ಒಂದೇ ತುಂಡಿನ ಒಂದೇ ಮುಖದಲ್ಲಿ ಹಳೆಯದೂ ಹೊಸದೂ ಅಕ್ಕಪಕ್ಕ ಇರುತ್ತವೆ. ಮಳವಳ್ಳಿಯ ಅಕ್ಕಿ ಗಿರಣಿಯೊಂದರಲ್ಲಿ ಅಂಥ ತುಂಡನ್ನು ನಾನು ಒಂದು ಮಧ್ಯಾಹ್ನ ಪೂರ್ತಿ ಕುಳಿತು ನೋಡಿದೆ. ಆಮೇಲೆ ಅದನ್ನು ಮರದ ಮೇಲೆ ಬಣ್ಣದಲ್ಲಿ ತೋರಿಸಬೇಕಾಗಿ ಬಂತು. ಆ ಕೆಲಸದ ನೆನಪನ್ನು ಬರೆಯುತ್ತಿದ್ದೇನೆ. ಆಗಿದ್ದಕ್ಕಿಂತ ಹೆಚ್ಚು ಬರೆಯದಂತೆ ನೋಡಿಕೊಳ್ಳುತ್ತೇನೆ.

ಎರಡನೆಯ ಮಹಾಯುದ್ಧದ ಕಾಲ ಅದು. ನಮ್ಮ ಮನೆತನದ ಕಸುಬು ಬಣ್ಣದ್ದು. ತಾತ ದೇವರ ಪಲ್ಲಕ್ಕಿಗಳಿಗೆ ಬಣ್ಣ ಹಾಕುತ್ತಿದ್ದ, ಅಪ್ಪ ಗೊಂಬೆಗಳಿಗೆ. ನನ್ನ ಕಾಲಕ್ಕೆ ಅಂಗಡಿಯ ಬೋರ್ಡುಗಳೂ ಬಸ್ಸಿನ ಮೈಮೇಲಿನ ಅಕ್ಷರಗಳೂ ಬಂದವು. ಇವುಗಳ ಜೊತೆಗೆ ನನಗೊಂದು ಹುಚ್ಚಿತ್ತು. ಮರವನ್ನು ಲೋಹದಂತೆ ಕಾಣಿಸುವುದು. ನವರಾತ್ರಿಯಲ್ಲಿ ಗೊಂಬೆ ಕೂರಿಸುವ ಮನೆಗಳಿಗೆ ರೈಲು ಇಂಜಿನ್ನು, ನೀರೆತ್ತುವ ಪಂಪುಗಳ ಸಣ್ಣ ಮಾದರಿಗಳನ್ನು ಮಾಡಿಕೊಡುತ್ತಿದ್ದೆವು. ಮರದ ಕೆಲಸ ಪಕ್ಕದ ಬೀದಿಯ ಆಚಾರಿಯದು, ಬಣ್ಣ ನನ್ನದು. ಎತ್ತಿಕೊಂಡವರು ಭಾರವಿರುತ್ತದೆಂದು ತೋಳು ಬಿಗಿಮಾಡಿ, ಹಗುರಾಗಿದ್ದದ್ದಕ್ಕೆ ಬೆಪ್ಪಾಗಿ ನಗುತ್ತಿದ್ದರು. ಮರವನ್ನು ಕಬ್ಬಿಣವೆಂದು ನಂಬಿಸುವವನು ಎಂದೇ ಊರಲ್ಲಿ ನನಗೆ ಹೆಸರು. ಮುಂದೆ ಆ ಹೆಸರೇ ನನ್ನ ಮೇಲೆ ತಿರುಗಿ ಬಿತ್ತು.

ಸಂಕ್ರಾಂತಿ ಕಳೆದು ಗಿರಣಿಗೆ ಭತ್ತ ಬರುತ್ತಿದ್ದ ದಿನಗಳು. ಗಿರಣಿಯ ರಸ್ತೆಬದಿಯ ಗೋಡೆಗೆ ನಾನು ಅಕ್ಷರ ಬರೆಯುತ್ತಿದ್ದೆ. ಒಳಗೆ ಎಣ್ಣೆಯ ಇಂಜಿನ್ನು ಎಂದಿನಂತೆ ಬಡಿದುಕೊಳ್ಳುತ್ತಿತ್ತು. ಅದರ ದೊಡ್ಡ ಗಾಲಿ ಆಳೆತ್ತರದ್ದು, ಎರಕದ್ದು. ಸದ್ದು ಬದಲಾದದ್ದು ನನಗೆ ಕೇಳಿಸಲಿಲ್ಲ. ವೇಗ ಹೆಚ್ಚಿತ್ತು ಎಂದು ಹೇಳಲಾರೆ, ಹೆಚ್ಚಿರಲಿಲ್ಲ ಎಂದೂ ಹೇಳಲಾರೆ. ಕೇಳಿಸಿದ್ದು ಒಂದೇ ಏಟು. ಏಣಿ ನಡುಗಿತು, ಹೆಂಚುಗಳು ಸುರಿದವು. ಒಳಗೆ ಓಡಿದಾಗ ಗಾಲಿ ಒಡೆದು ತುಂಡುಗಳು ಹಾರಿದ್ದವು. ಒಂದು ತುಂಡು, ಇಂಜಿನ್ ಕೋಣೆಯ ಬಾಗಿಲ ಬಳಿ ಕುಳಿತು ಅಕ್ಕಿ ಕೇರುತ್ತಿದ್ದ ಕೂಲಿಯ ಹುಡುಗಿಗೆ ಬಡಿದಿತ್ತು. ಅವಳ ಮುಖಕ್ಕೆ ಏನೂ ಆಗಿರಲಿಲ್ಲ. ಮೊರ ತೊಡೆಯ ಮೇಲೇ ಇತ್ತು, ಅದರೊಳಗಿನ ಅಕ್ಕಿ ಚೆಲ್ಲಿರಲಿಲ್ಲ. ಇಷ್ಟೇ ಬರೆಯುತ್ತೇನೆ.

ಇಂಜಿನ್ನು ನಡೆಸುತ್ತಿದ್ದವನು ಊರಿನ ಸಾಬರ ಬೀದಿಯ ಮಿಸ್ತ್ರಿ. ದಫೇದಾರ ಬಂದವನೇ ಅವನ ಕೈಗೆ ಬೇಡಿ ಹಾಕಿದ. ಹೆಣವನ್ನು ಸಾಗಿಸಿದ ಮೇಲೆ ನನ್ನನ್ನು ಕರೆದು, ಮೇಲಿನವರು ಬರುವ ತನಕ ತುಂಡುಗಳನ್ನು ಯಾರೂ ಮುಟ್ಟಕೂಡದು, ನೀನು ಇಲ್ಲೇ ಕೂತಿರು ಎಂದ. ಕೂತೆ. ಹುಡುಗಿ ಕುಳಿತಿದ್ದ ಜಾಗದ ಕಡೆಗೆ ನೋಡಲಾರದೆ ಕಬ್ಬಿಣವನ್ನೇ ನೋಡಿದೆ.

ಗಾಡಿಯ ಚಕ್ರಕ್ಕೆ ಹೇಳುವಂತೆ ಇಂಜಿನ್ ಗಾಲಿಯ ನಡುಭಾಗಕ್ಕೂ ನಾವು ಗುಂಬ ಎನ್ನುತ್ತಿದ್ದೆವು. ಗುಂಬದ ಒಂದು ತುಂಡು ನನ್ನ ಮುಂದೆಯೇ ಬಿದ್ದಿತ್ತು. ಅದರ ಒಡೆದ ಮುಖದಲ್ಲಿ ಒಂದು ಭಾಗ ಬೂದುಬಣ್ಣಕ್ಕೆ ಮಿನುಗುತ್ತಿತ್ತು. ಉಳಿದದ್ದು ಕಪ್ಪು. ಕಪ್ಪು ಭಾಗದ ಹೊರ ಅಂಚಿನಿಂದ ಒಳಕ್ಕೆ ಒಂದು ಕೆಂಪು ಇಳಿದಿತ್ತು. ಅಂಚಿನಲ್ಲಿ ಗಾಢ, ಒಳಕ್ಕೆ ಹೋದಂತೆ ತೆಳು. ಅದು ಎಣ್ಣೆಯ ಕಪ್ಪಿನ ಅಡಿಯಲ್ಲಿತ್ತು. ಮೇಲೆ ಸಿಡಿದದ್ದಾಗಿರಲಿಲ್ಲ. ಹುಟ್ಟಿದಾಗಿನಿಂದ ಕೆಂಪುಗಳನ್ನು ಅರೆದು ಕಲಸಿದ ಕೈ ನನ್ನದು. ಇದು ಕುಂಕುಮ ಎಂದು ನನಗೆ ಅನ್ನಿಸಿತು. ಆಯುಧಪೂಜೆಯಲ್ಲಿ ಯಂತ್ರಕ್ಕೆ ಕುಂಕುಮವನ್ನು ಹರಳೆಣ್ಣೆಯಲ್ಲಿ ಕಲಸಿ ಹಚ್ಚುತ್ತಾರೆ, ಕಬ್ಬಿಣಕ್ಕೆ ಒಣ ಕುಂಕುಮ ನಿಲ್ಲುವುದಿಲ್ಲವೆಂದು. ಆಯುಧಪೂಜೆ ಕಳೆದು ತಿಂಗಳುಗಳಾಗಿದ್ದವು. ಹಾಗಾದರೆ ಆ ದಿನವೇ ಗುಂಬದಲ್ಲಿ ಬಿರುಕಿತ್ತು.

ಮೇಲಿನವರು ಅಂದು ಬರಲಿಲ್ಲ. ಪೊಲೀಸರು ಮಹಜರಿನಲ್ಲಿ ಗಾಲಿ ಒಡೆದಿದೆ ಎಂದಷ್ಟೇ ಬರೆದು ನನ್ನಿಂದ ರುಜು ಹಾಕಿಸಿಕೊಂಡರು. ಯುದ್ಧ ನಡೆಯುತ್ತಿದ್ದರಿಂದ ಹಳೆ ಕಬ್ಬಿಣಕ್ಕೆ ಎಲ್ಲಿಲ್ಲದ ಗಿರಾಕಿ. ಆ ವಾರದಲ್ಲೇ ತುಂಡುಗಳು ಲಾರಿ ಹತ್ತಿ ಯಾವುದೋ ಎರಕದ ಕುಲುಮೆಗೆ ಹೋದವು. ಕೋಣೆಯನ್ನು ತೊಳೆದು ಸುಣ್ಣ ಬಳಿದರು. ಅಷ್ಟರಲ್ಲಿ ಊರ ತುಂಬ ಒಂದೇ ಮಾತು. ವೇಗ ಮೀರದಂತೆ ತಡೆಯುವ ಗೌರ್ನರಿಗೆ ಮಿಸ್ತ್ರಿ ಹಗ್ಗ ಕಟ್ಟಿದ್ದನಂತೆ, ಬೇಗ ಮುಗಿಸಿ ಮನೆಗೆ ಹೋಗಲು ಹುಚ್ಚಾಪಟ್ಟೆ ಓಡಿಸಿದನಂತೆ, ಗಾಲಿ ತಡೆಯಲಾರದೆ ಒಡೆಯಿತಂತೆ. ಹಗ್ಗವನ್ನು ಕಂಡವರು ಯಾರೂ ಇರಲಿಲ್ಲ. ಮಿಸ್ತ್ರಿಯ ಮನೆಯ ಹೆಂಚಿನ ಮೇಲೆ ಕಲ್ಲು ಬಿದ್ದವು. ಅವನ ಹೆಂಡತಿ ನೀರಿಗೆ ಬಂದರೆ ಬಾವಿಕಟ್ಟೆಯಲ್ಲಿದ್ದವರು ಕೊಡ ಎತ್ತಿಕೊಂಡು ದೂರ ನಿಲ್ಲುತ್ತಿದ್ದರು.

ವಿಚಾರಣೆಗೆಂದು ಸರ್ಕಾರದ ಇಂಜಿನಿಯರು ಬಂದಾಗ ನೋಡಲು ಏನೂ ಉಳಿದಿರಲಿಲ್ಲ. ಗಾಲಿಯಿಲ್ಲದ ಇಂಜಿನ್ನಿನ ಮುಂದೆ ಅವರು ಬಹಳ ಹೊತ್ತು ನಿಂತರು. ಮಹಜರಿನಲ್ಲಿ ನನ್ನ ರುಜು ನೋಡಿ ಕರೆಸಿದರು. ನಾನು ಕಂಡದ್ದನ್ನು ಹೇಳಿದೆ. ಅವರು ನಂಬಿದರೆಂದು ಹೇಳಲಾರೆ.

"ಬಾಯಿಮಾತು ನನಗೆ ಸಾಲದು," ಎಂದರು. "ಈ ಇಂಜಿನ್ನನ್ನು ಅಳತೆಗೆ ತಕ್ಕಂತೆ ಚಿಕ್ಕದಾಗಿ ಮರದಲ್ಲಿ ಮಾಡಿಸಿ. ಗಾಲಿ ಒಡೆದು ಹೇಗಿತ್ತೋ ಹಾಗೇ ತುಂಡುಗಳೂ ಇರಲಿ. ಬಣ್ಣ ನೀವು ಹಾಕಿ. ಮಂಡ್ಯದಲ್ಲಿ ಎಲ್ಲರ ಎದುರಿಗೆ ಮೇಜಿನ ಮೇಲಿಟ್ಟು ಕೇಳುತ್ತೇನೆ. ಆಗ ಯಾರ ಮಾತು ಎಲ್ಲಿಗೆ ಕೂರುತ್ತದೋ ನೋಡೋಣ."

ಒಡೆದ ಮುಖ ಪೂರ್ತಿ ಮಿನುಗುತ್ತಿತ್ತು ಎಂದಾದರೆ ಗಾಲಿ ಗಟ್ಟಿಯಾಗಿತ್ತು, ಅತಿ ವೇಗದಿಂದಲೇ ಒಡೆಯಿತು, ಮಿಸ್ತ್ರಿ ಜೈಲಿಗೆ. ಕಪ್ಪೂ ಕೆಂಪೂ ಇತ್ತು ಎಂದಾದರೆ ಬಿರುಕು ಹಳೆಯದು, ತಪ್ಪು ಗಿರಣಿಯವರದು. ಇದು ನನಗೂ ಗೊತ್ತಿತ್ತು, ಗಿರಣಿಯ ಯಜಮಾನರಿಗೂ ಗೊತ್ತಿತ್ತು.

ಆಚಾರಿ ಹಾಲೆಮರದಲ್ಲಿ ಮಾಡಿಕೊಟ್ಟ. ಅವನ ಕೆಲಸದಲ್ಲಿ ಕೊರತೆಯಿರಲಿಲ್ಲ. ಗಾಲಿ ಒಡೆದ ದಿನ ಸಂಜೆ, ಸಡಿಲವಾಗಿದ್ದ ಮಾಡಿಗೆ ಮರದ ಊರೆ ಕೊಡಲು ಅವನೂ ಗಿರಣಿಗೆ ಬಂದಿದ್ದ, ತುಂಡುಗಳನ್ನು ನೋಡಿದ್ದ.

"ಲೇ, ಬೂದಿ ಬಣ್ಣ ಬಳ್ದು ಕೊಟ್ಬುಡ್ಲಾ," ಎಂದ, ಗುಂಬದ ತುಂಡನ್ನು ನನ್ನ ಕೈಗೆ ಹಾಕುತ್ತ. "ನಿಂಗ್ಯಾಕೆ ಊರ್ ಉಸಾಬ್ರಿ?"

"ನೀನೂ ನೋಡಿದ್ಯಲ್ಲ."

"ನಾ ಅಳತೆ ನೋಡ್ದೆ. ಬಣ್ಣ ನೋಡ್ನಿಲ್ಲ."

"ಕಣ್ಣು ಒಂದೇ ಕಣ್ಲಾ. ಅಳತೆಗೊಂದು, ಬಣ್ಣಕ್ಕೊಂದು ಅಂತ ಇಟ್ಕೊಂಡಿದ್ಯಾ?"

"ಊಂ, ಇಟ್ಕೊಂಡಿವ್ನಿ. ಯಜಮಾನ್ರ ಮನೆ ಬಾಗ್ಲು ಮಾಡ್ತಿರೋನು ನಾನು. ನಿಂಗೇನು, ಗಾಳೀಲಿ ಅಕ್ಸರ ಬರ್ದ್ರೂ ಬದೀಕಂತೀಯಾ." ನಕ್ಕ. ನಗು ಮುಗಿಯುವ ಮೊದಲೇ ಎದ್ದು ಹೋದ. ಆಮೇಲೆ ಅವನು ನಮ್ಮ ಬೀದಿಗೆ ಬರಲಿಲ್ಲ.

ನಾನು ಕೆಲಸ ಹಿಡಿದೆ. ಮರದ ರಂಧ್ರಗಳಿಗೆ ಸೀಮೆಸುಣ್ಣದ ಪುಡಿಯನ್ನು ಹುಣಸೆಬೀಜದ ಅಂಟಿನಲ್ಲಿ ಕಲಸಿ ತುಂಬಿ, ಒಣಗಿದ ಮೇಲೆ ಉಪ್ಪುಕಾಗದದಲ್ಲಿ ಉಜ್ಜಿದೆ. ಮರದ ಎಳೆ ಒಂದು ಕಂಡರೂ ಕಬ್ಬಿಣ ಸತ್ತಂತೆ. ಎರಕದ ಮೈ ನುಣುಪಾಗಿರುವುದಿಲ್ಲ, ಮರಳಿನ ಅಚ್ಚಿನ ಒರಟು ಅದರ ಮೇಲೆ ಉಳಿದಿರುತ್ತದೆ. ಅದಕ್ಕೆ ಹಸಿ ಅಂಟಿನ ಮೇಲೆ ಭತ್ತದ ಹೊಟ್ಟಿನ ಬೂದಿಯನ್ನು ಜರಡಿಯಾಡಿ ಉದುರಿಸಿದೆ. ಮೇಲೆ ದೀಪದ ಕಪ್ಪಿಗೆ ಚಿಟಿಕೆ ನೀಲಿ ಸೇರಿಸಿ ಅರಗಿನ ವಾರ್ನೀಷಿನಲ್ಲಿ ಹಚ್ಚಿದೆ. ಬರೀ ಕಪ್ಪು ಹಚ್ಚಿದರೆ ಅದು ಇದ್ದಿಲು, ಕಬ್ಬಿಣವಲ್ಲ. ಕೈ ತಾಗಿ ತಾಗಿ ಸವೆಯುವ ಅಂಚುಗಳಿಗೆ ಮಾತ್ರ ಸೀಸದಕಡ್ಡಿಯ ಪುಡಿಯನ್ನು ಬಟ್ಟೆಯಲ್ಲಿ ಉಜ್ಜಿದಾಗ ಬೂದಿಗಪ್ಪಿನೊಳಗಿಂದ ಹೊಳಪು ಎದ್ದಿತು. ಹಿಂದೆ ಮುಂದೆ ಓಡಾಡುವ ಉಕ್ಕಿನ ಸಲಾಕೆಗೆ ಅಲ್ಯುಮಿನಿಯಂ ಪುಡಿ. ಯುದ್ಧದಿಂದ ಅದು ಅಂಗಡಿಯಲ್ಲಿ ಸಿಗುತ್ತಿರಲಿಲ್ಲ, ಹಳೆಯ ಡಬ್ಬಿಯ ತಳ ಕೆರೆದೆ. ಎಣ್ಣೆಯ ಬಟ್ಟಲುಗಳು ಹಿತ್ತಾಳೆಯವು. ಅವಕ್ಕೆ ಹೊಳೆಯುವ ಬೇಗಡೆಯ ಹಾಳೆ ಅಂಟಿಸಿ, ಹೊಳಪು ಹೆಚ್ಚಾಯಿತೆಂದು ತೆಳುವಾದ ಕಂದು ಬಳಿದು ಮಂಕುಮಾಡಿದೆ. ಹೊಗೆಯ ಕೊಳವೆ ಬಿಸಿಗೆ ಬೆಂದು ಕಂದು, ನೇರಳೆ, ನೀಲಿಯಾಗಿ ಬಣ್ಣ ಬದಲಿಸುತ್ತದೆ. ಅದನ್ನು ಬೆರಳಿನಿಂದಲೇ ಒಂದರೊಳಗೊಂದು ಒರೆಸಿದೆ. ಗುಂಬದ ತುಂಡನ್ನು ಮಾತ್ರ ಬಿಳಿಯ ಮರವಾಗಿಯೇ ಪಕ್ಕಕ್ಕಿಟ್ಟಿದ್ದೆ.

ಯಜಮಾನರು ಬಂದದ್ದು ಆಗ. ಜಗಲಿಯಲ್ಲಿ ಕೂರಲಿಲ್ಲ. ಬಗ್ಗಿ ನೋಡಿದರು.

"ಚೆನ್ನಾಗೇ ಮಾಡಿದ್ದೀಯ ಕಣಯ್ಯ. ಎಣ್ಣೆ ಸೋರ್ತಿರೋ ಹಂಗೇ ಅದೆ. ಈ ಗುಂಬ ಯಾಕೆ ಬೋಳಾಗಿದೆ?"

"ಕೊನೆಗೆ ಹಾಕ್ತೀನಿ, ಯಜಮಾನ್ರೆ."

"ಬೆಳ್ಳಗೆ ಹಾಕು. ಹೊಸದಾಗಿ ಮುರಿದಿದ್ದು ಬೆಳ್ಳಗಿರ್ತದೆ."

"ಅರ್ಧ ಬೆಳ್ಳಗಿತ್ತು. ಅರ್ಧ ಕಪ್ಪಗಿತ್ತು. ಕೆಂಪೂ ಇತ್ತು."

"ರಕ್ತ. ಹುಡುಗಿ ಸತ್ತ ಜಾಗದಲ್ಲಿ ಕೆಂಪಿರ್ದೆ ಹಸಿರಿರ್ತದಾ?"

"ಎಣ್ಣೆ ಅಡೀಲಿತ್ತು, ಯಜಮಾನ್ರೆ."

"ಅಡಿ! ಮೇಲು!" ಅವರ ದನಿ ಬೀದಿಗೆ ಕೇಳಿಸಿತು. "ಮರಾನ ಕಬ್ಬಿಣ ಅಂತ ತೋರ್ಸೋನು ನೀನು. ಮೋಸವೇ ನಿನ್ ಕಸುಬು. ನಿನ್ ಕಣ್ಣಿನ ಮಾತ್ಗೆ ಬೆಲೆ ಎಲ್ಲಯ್ಯ? ಒಂದು ಮಾತು ತಿಳ್ಕೊ. ಈ ಪೇಟೆ ಗೋಡೆಗಳೆಲ್ಲ ಯಾರವು? ಬೋರ್ಡು ಬರೆಸೋರು ಯಾರು? ಆ ಮಿಸ್ತ್ರಿ ಬಂದು ನಿನ್ ಕೈಲಿ ಬೋರ್ಡ್ ಬರೆಸ್ತಾನಾ?"

ಮಾರನೆಯ ದಿನದಿಂದಲೇ ಅಂಗಡಿಗಳಲ್ಲಿ ನನಗೆ ಅರಗು ಇಲ್ಲವೆಂದರು, ಸೀಮೆಎಣ್ಣೆ ಇಲ್ಲವೆಂದರು. ಡಬ್ಬಿ ಕಣ್ಣಿಗೆ ಕಾಣುತ್ತಿತ್ತು. ಅರ್ಧ ಬರೆದು ನಿಲ್ಲಿಸಿದ್ದ ಗಿರಣಿಯ ಗೋಡೆಯ ಅಕ್ಷರಗಳ ಮೇಲೆ ಯಾರೋ ಸಗಣಿ ಎರಚಿದ್ದರು. ಇದನ್ನೆಲ್ಲ ನಾನು ತಡೆದುಕೊಂಡೆ. ತಡೆಯಲಾಗದ್ದು ಬಂದದ್ದು ಬೇರೆ ಕಡೆಯಿಂದ.

ಸತ್ತ ಹುಡುಗಿಯ ತಾಯಿಯೂ ಅದೇ ಗಿರಣಿಯಲ್ಲಿ ಕೂಲಿ ಮಾಡುತ್ತಿದ್ದಳು. ಒಂದು ಬೆಳಿಗ್ಗೆ ಬಾಗಿಲಲ್ಲಿ ನಿಂತು ಕೂಗಿದಳು.

"ಯಾವೋನ್ಲಾ ಅದು ಚಿತ್ರದೋನು? ಈಚೀಗ್ ಬಾ."

ಬಂದೆ.

"ಆ ಮಿಸ್ತ್ರಿ ನಿಂಗೇನಾಗ್ಬೇಕು?"

"ಏನೂ ಆಗ್ಬೇಕಿಲ್ಲ, ಅವ್ವ."

"ಮತ್ಯಾಕೆ ನನ್ ಮಗ್ಳ ರಕ್ತವ ಕುಂಕ್ಮ ಅಂತೀಯಾ? ಸತ್ತೋಳ ರಕ್ತಕ್ಕೂ ಬ್ಯಾರೆ ಎಸ್ರು ಇಕ್ಕೀಯೇನ್ಲಾ?"

"ರಕ್ತ ಒಣಗಿದ್ರೆ ಕಪ್ಪಾಗ್ತದೆ, ಅವ್ವ. ನಾ ಕಂಡಿದ್ದು..."

"ರಕ್ತ ಒಣಗಿದ್ರೆ ಎಂಗಾಗ್ತದೆ ಅಂತ ನಂಗೆ ಯೋಳ್ಬೇಡ. ಅವ್ಳ ಸೀರೆ ಒಗ್ದೋಳು ನಾನು."

ಜಗಲಿಯ ಮೇಲೆ ಹೊಟ್ಟಿನ ಬೂದಿಯ ತಟ್ಟೆಯಿತ್ತು. ಎತ್ತಿ ಎರಚಿದಳು. ಹಸಿಯಾಗಿದ್ದ ಉಕ್ಕಿನ ಸಲಾಕೆಯ ತುಂಬ ಬೂದಿ ಹತ್ತಿಕೊಂಡಿತು. ನನ್ನ ಕಣ್ಣಿಗೂ ಬಿತ್ತು. ಎದುರು ಮನೆಯವರು ನೋಡುತ್ತಿದ್ದರು, ಯಾರೂ ಅವಳನ್ನು ತಡೆಯಲು ಬರಲಿಲ್ಲ. ನನ್ನ ಹೆಂಡತಿ ಬಂದು ನೀರು ಕೊಟ್ಟಳು, ಅವಳಿಗೆ. ಆ ತಾಯಿ ಚೊಂಬಿನ ನೀರನ್ನು ಹೊಸ್ತಿಲ ಮೇಲೆ ಸುರಿದು ಹೋದಳು.

ಅವಳು ಹೋದ ಮೇಲೆ ನನ್ನೊಳಗೆ ಒಂದು ಭಯ ಹೊಕ್ಕಿತು. ಯಜಮಾನರ ಭಯವಲ್ಲ. ನಾನು ಕಂಡದ್ದು ನಿಜವಾಗಿ ರಕ್ತವೇ ಆಗಿದ್ದರೆ? ಆ ಮಧ್ಯಾಹ್ನ ಬೆದರಿ ಕುಳಿತಿದ್ದ ನನ್ನ ಕಣ್ಣನ್ನು ನಾನೇ ಯಾಕೆ ನಂಬಬೇಕು? ಕಮ್ಮಾರನಿಂದ ಎರಕದ ಚೂರುಗಳನ್ನು ಬೇಡಿ ತಂದೆ. ಬೆರಳು ಕೊಯ್ದು ಒಂದರ ಮೇಲೆ ರಕ್ತ ಹನಿಸಿದೆ. ಇನ್ನೊಂದನ್ನು ನೀರು ಹಾಕಿ ತುಕ್ಕು ಹಿಡಿಯಲು ಬಿಟ್ಟೆ. ಮತ್ತೊಂದಕ್ಕೆ ಹರಳೆಣ್ಣೆಯಲ್ಲಿ ಕಲಸಿದ ಕುಂಕುಮ ಹಚ್ಚಿ, ಒಣಗಿದ ಮೇಲೆ ಇಂಜಿನ್ನಿನ ಹಳೆ ಎಣ್ಣೆ ಬಳಿದೆ. ಮೂರನ್ನೂ ಹೆಂಚಿನ ಮೇಲಿಟ್ಟು ದಿನವೂ ನೋಡಿದೆ. ರಕ್ತ ಗಂಟೆಯೊಳಗೇ ಕಂದಾಯಿತು, ಆಮೇಲೆ ಕಪ್ಪು ಚಕ್ಕೆಯಾಗಿ ಎದ್ದು ಬಂತು. ತುಕ್ಕು ಕಾವಿ ಬಣ್ಣಕ್ಕೆ ತಿರುಗಿ ಪುಡಿಯಾಯಿತು. ಕುಂಕುಮ ಮಾತ್ರ ಎಣ್ಣೆಯ ಕಪ್ಪಿನ ಅಡಿಯಲ್ಲಿ, ಮೋಡದ ಹಿಂದಿನ ಬೆಳಕಿನ ಹಾಗೆ, ಕೆಂಪಾಗಿಯೇ ಉಳಿಯಿತು. ಅದುವರೆಗೂ ಅದು ಕುಂಕುಮವೆಂದು ಅಂದುಕೊಂಡಿದ್ದೆ. ಅಂದಿನಿಂದ ಖಚಿತವಾಗಿ ಹೇಳಬಲ್ಲವನಾದೆ.

ಆಗಲೇ ಗುಂಬದ ತುಂಡನ್ನು ಕೈಗೆತ್ತಿಕೊಂಡದ್ದು. ಮಿನುಗುವ ಭಾಗಕ್ಕೆ ಒರಟು ಉಪ್ಪನ್ನು ಹಸಿ ಅಂಟಿಗೆ ಒತ್ತಿ, ಒಣಗಿದ ಮೇಲೆ ನೀರಿನಲ್ಲಿ ಕರಗಿಸಿ ತೆಗೆದೆ. ಹರಳು ಕೂತಿದ್ದ ಕುಳಿಗಳು ಉಳಿದವು. ಅವುಗಳ ಮೇಲೆ ಬೂದು, ಅದರ ಮೇಲೆ ಅಲ್ಯುಮಿನಿಯಂ, ಕುಂಚ ಬಹುಮಟ್ಟಿಗೆ ಒಣಗಿಸಿಕೊಂಡು. ಹಳೆಯ ಭಾಗಕ್ಕೆ ಮೊದಲು ಕುಂಕುಮ, ಅಂಚಿನಿಂದ ಒಳಕ್ಕೆ, ನನಗೆ ನೆನಪಿದ್ದಷ್ಟೇ ಉದ್ದ. ಮೇಲೆ ಕಪ್ಪು ಎಣ್ಣೆಯ ತೆಳು ಪದರ. ಕೆಂಪು ತುಸು ಹೆಚ್ಚಾಗಿ ಕಂಡಿತು. ಒರೆಸಿ ಮತ್ತೆ ಹಾಕಿದೆ. ಕಡಿಮೆಯಾಯಿತು. ಮತ್ತೆ ಒರೆಸಿದೆ. ನನ್ನ ಜೀವಮಾನದಲ್ಲಿ ಯಾವ ದೇವರ ಹಣೆಗೂ ಅಷ್ಟು ಹೆದರಿ ಕೆಂಪು ಇಟ್ಟವನಲ್ಲ.

ಮಾದರಿಯನ್ನು ಹುಲ್ಲು ಹಾಸಿದ ಬುಟ್ಟಿಯಲ್ಲಿಟ್ಟುಕೊಂಡು ಮಂಡ್ಯಕ್ಕೆ ಹೊರಟೆ. ಮಳವಳ್ಳಿಯಿಂದ ಮದ್ದೂರಿಗೆ, ಯುದ್ಧದಲ್ಲಿ ಪೆಟ್ರೋಲು ಸಿಗದೆ ಇದ್ದಿಲಿನ ಗ್ಯಾಸಿನಲ್ಲಿ ಓಡುತ್ತಿದ್ದ ಬಸ್ಸು. ಅದು ಏರು ಹತ್ತಲಾರದೆ ನಿಂತಾಗಲೆಲ್ಲ ಜನ ಇಳಿದು ತಳ್ಳಬೇಕು. ನಾನು ಬುಟ್ಟಿ ಬಿಟ್ಟು ಇಳಿಯಲಿಲ್ಲ.

"ಏನಣ್ಣ, ಮೊಟ್ಟೆ ಮೇಲ್ ಕುಂತಿರೋ ಕೋಳಿ ಹಂಗೆ ಕುಂತಿದ್ದೀಯಾ?" ಎಂದ ಒಬ್ಬ. ಇನ್ನೊಬ್ಬನಿಗೆ ನನ್ನ ಗುರುತು ಸಿಕ್ಕಿತು. "ಊ ಕಣ್ಲಾ, ಇವ್ನೇ ಅವ್ನು. ಆ ಮಿಸ್ತ್ರಿ ಪರ ಸಾಕ್ಸಿ ಯೋಳೋಕ್ ಓಯ್ತಾವ್ನೆ." ಅಲ್ಲಿಂದ ಮುಂದೆ ಯಾರೂ ತಮಾಷೆ ಮಾಡಲಿಲ್ಲ. ಮದ್ದೂರಿನಲ್ಲಿ ಇಳಿಯುವಾಗ ಹಿಂದಿನಿಂದ ಒಂದು ಕಾಲು ಬುಟ್ಟಿಗೆ ಬಿತ್ತು. ಯಾರದೆಂದು ನೋಡಲಿಲ್ಲ. ಹುಲ್ಲು ದಪ್ಪವಾಗಿತ್ತು, ಮುರಿಯಲಿಲ್ಲ. ಅಲ್ಲಿಂದ ರೈಲು.

ಮಂಡ್ಯದ ಕಚೇರಿಯ ಕೋಣೆಯಲ್ಲಿ ಇಂಜಿನಿಯರು ಕುಳಿತಿದ್ದರು, ಪಕ್ಕದಲ್ಲಿ ಬರೆದುಕೊಳ್ಳುವವರು. ಒಂದು ಕಡೆ ಯಜಮಾನರು. ಇನ್ನೊಂದು ಕಡೆ ಪೇದೆಯ ಜೊತೆ ಮಿಸ್ತ್ರಿ, ಗಡ್ಡ ಬೆಳೆದು ಗುರುತೇ ಸಿಗದಂತಿದ್ದ. ಬಾಗಿಲ ಬಳಿ ನೆಲದ ಮೇಲೆ ಆ ತಾಯಿ. ಯಜಮಾನರೇ ಅವಳನ್ನು ಕರೆತಂದಿದ್ದರು.

ಇಂಜಿನಿಯರು ಗಾಲಿಯ ತುಂಡನ್ನು ಎತ್ತಿದರು. ತೋಳು ಬಿಗಿಮಾಡಿ ಎತ್ತಿದ್ದರಿಂದ ಕೈ ಮೇಲಕ್ಕೆ ಹಾರಿತು.

"ನೋಡಿ ಸ್ವಾಮಿ!" ಎಂದರು ಯಜಮಾನರು. "ತಮ್ಮ ಕೈಯೇ ಮೋಸಹೋಯಿತು. ಇಲ್ಲದ್ದನ್ನು ಇದೆ ಅನ್ನಿಸೋದೇ ಇವನ ಕಸುಬು. ಇವನು ಕೆಂಪು ಬಳಿದ ಅಂತ ಕೆಂಪಿತ್ತು ಅಂತ ಆಗುತ್ತದೆಯೇ?"

"ನೀವು ಏನು ಹೇಳುತ್ತೀರಿ?" ಎಂದು ಇಂಜಿನಿಯರು ನನ್ನನ್ನು ಕೇಳಿದರು.

ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡದ್ದೆಲ್ಲ ಮರೆತುಹೋಯಿತು. "ನೋಡಿದ್ದನ್ನ ಹಾಕಿದೀನಿ, ಸ್ವಾಮಿ," ಎಂದೆ.

"ಈ ಕೆಂಪು ಯಾವ ಮಗ್ಗುಲಿಗಿತ್ತು?"

"ಗೋಡೆ ಮಗ್ಗುಲಿಗೆ. ಗಾಲಿಗೂ ಗೋಡೆಗೂ ನಡುವೆ ಕೈ ತೂರೋದೇ ಕಷ್ಟ ಅನ್ನೋಷ್ಟು ಜಾಗ ಇತ್ತು."

"ರಕ್ತ ಎಲ್ಲಿಗೆ ಬೇಕಾದರೂ ಹಾರುತ್ತದೆ, ಸ್ವಾಮಿ," ಎಂದರು ಯಜಮಾನರು. "ಬೇಕಾದರೆ ಆ ತಾಯಿಯನ್ನೇ ಕೇಳಿ. ಇವನು ಅವಳ ಮಗಳ ರಕ್ತವನ್ನು ಏನೆಂದು ಕರೆಯುತ್ತಿದ್ದಾನೆಂದು ಕೇಳಿ."

ಯಾರೂ ಕೇಳುವ ಮೊದಲೇ ಅವಳು ಎದ್ದು ಮೇಜಿನ ಹತ್ತಿರ ಬಂದಿದ್ದಳು. ನನ್ನ ಕಡೆಗೇ ಬಂದಳು.

"ಎಲ್ಲಿ ತೋರ್ಸು. ನನ್ ಮಗ್ಳ ರಕ್ತವ ಎಲ್ಲಿ ಬಳ್ದಿದ್ದೀಯಾ ತೋರ್ಸು."

ತೋರಿಸಿದೆ. ಅವಳು ಬಗ್ಗಿದಳು. ಮರದ ಇಂಜಿನ್ನನ್ನು ಸುತ್ತಲೂ ನೋಡಿದಳು, ಬಾಗಿಲು ಯಾವ ಕಡೆ, ಗೋಡೆ ಯಾವ ಕಡೆ ಎಂದು ಗೊತ್ತುಮಾಡಿಕೊಳ್ಳುವವಳಂತೆ.

"ಗೋಡೆ ಕಡೀಕಾ?"

"ಊ, ಅವ್ವ."

ಅವಳು ಆ ಕೆಂಪಿನ ಮೇಲೆ ಬೆರಳಿಟ್ಟಳು. ಬಹಳ ಹೊತ್ತು ತೆಗೆಯಲಿಲ್ಲ. ಮಾತನಾಡಿದಾಗ ಕೂಗಲಿಲ್ಲ, ಯಾರನ್ನೂ ನೋಡಲೂ ಇಲ್ಲ.

"ಇಲ್ಗೆ ದೊಡ್ಡೋರ ಕೈ ಓಗಾಕಿಲ್ಲ. ಆಯ್ದಪೂಜೆ ದಿವ್ಸ ನನ್ ಮಗ್ಳ ಕೈಯಾಗೇ ಕುಂಕ್ಮ ಇಕ್ಸಿದ್ರು, ಸಣ್ ಕೈ ಅಂತ. ಅವ್ಳು ಇಕ್ಕಿ ಇಕ್ಕಿ, 'ಅವ್ವಾ, ಎಷ್ಟ್ ಇಕ್ಕುದ್ರೂ ಇಲ್ಲಿ ನುಂಗ್ತದೆ ಕಣವ್ವ' ಅಂದ್ಲು. ಎಲ್ರೂ ನಕ್ರು. ನಾನು, 'ದ್ಯಾವ್ರು ಉಣ್ತಾವ್ನೆ, ಇನ್ನಷ್ಟ್ ಇಕ್ಕು ಮಗಾ' ಅಂದೆ."

ಬರೆದುಕೊಳ್ಳುವವರು ಅವಳ ಮಾತನ್ನೂ ಬರೆದುಕೊಂಡರು.

"ಅವಳಿಗೆ ಬುದ್ಧಿ ನೆಟ್ಟಗಿಲ್ಲ, ಸ್ವಾಮಿ, ಮಗಳು ಹೋದಾಗಿನಿಂದ..." ಎಂದರು ಯಜಮಾನರು.

"ಬುದ್ದಿ ನೆಟ್ಗೈತೆ. ಕುಂಕ್ಮದ ಬಟ್ಲು ಕೊಟ್ಟೋರು ನಿಮ್ಮನೇರೇ." ಅವಳು ಅವರ ಕಡೆ ತಿರುಗಲೂ ಇಲ್ಲ. ತಿರುಗಿದ್ದು ಮಿಸ್ತ್ರಿಯ ಕಡೆಗೆ. "ನಿಂಗ್ ಗೊತ್ತಿತ್ತಾ?"

ಪೇದೆ ಅವನನ್ನು ಸುಮ್ಮನಿರೆಂದು ತಿವಿದ. ಅವನು ಸುಮ್ಮನಿರಲಿಲ್ಲ.

"ಗೊತ್ತಿತ್ತು, ಅವ್ವ. ಪೂಜೆ ಆದ್ ಮಾರ್ನೇ ದಿನ ಕೋಲ್ಗೆ ಬಟ್ಟೆ ಸುತ್ತಿ ಗಾಲಿ ಒರೆಸ್ತಿದ್ದೆ. ಎಷ್ಟ್ ಒರೆಸಿದ್ರೂ ಒಂದ್ ಕೆಂಪ್ ಗೆರೆ ಓಗ್ನಿಲ್ಲ. ಕೂದ್ಲಷ್ಟಿತ್ತು. ಯಜಮಾನ್ರಿಗೆ ತೋರ್ಸಿದೆ. ಈ ಸುಗ್ಗಿ ಕಳೀಲಿ ಅಂದ್ರು."

"ಗೊತ್ತಿದ್ದೂ ತಿರುಗ್ಸ್ದ್ಯಾ?"

ಅವನು ತಲೆ ತಗ್ಗಿಸಿದ. ಅವಳು ಅವನಿಗೆ ಉಗಿದಳು. ಯಜಮಾನರಿಗೂ ಉಗಿಯಲು ತಿರುಗುವಷ್ಟರಲ್ಲಿ ಪೇದೆಗಳು ಹೊರಗೆ ಕರೆದುಕೊಂಡು ಹೋದರು. ಹೊರಗಿನಿಂದ ಅವಳ ದನಿ ಕೇಳುತ್ತಲೇ ಇತ್ತು. ಎಲ್ಲರನ್ನೂ ಬೈಯುತ್ತಿದ್ದಳು, ನನ್ನನ್ನೂ.

ಹಗ್ಗದ ಮಾತು ಅಲ್ಲಿಗೆ ಬಿದ್ದುಹೋಯಿತು. ಮಿಸ್ತ್ರಿಯನ್ನು ಜೈಲಿಗೆ ಹಾಕಲಿಲ್ಲ. ಆದರೆ ಬಿರುಕಿದೆಯೆಂದು ತಿಳಿದೂ ಇಂಜಿನ್ನು ನಡೆಸಿದವನು ಎಂದು ಬರೆದು, ಇನ್ನು ಯಾವ ಗಿರಣಿಯಲ್ಲೂ ಇಂಜಿನ್ನು ಮುಟ್ಟಕೂಡದೆಂದು ಮಾಡಿದರು. ಯಜಮಾನರಿಗೆ ಏನಾಯಿತೆಂದು ನನಗೆ ಖಚಿತವಾಗಿ ತಿಳಿಯದು, ತಿಳಿಯದ್ದನ್ನು ಬರೆಯುವುದಿಲ್ಲ. ಮುಂದಿನ ಸುಗ್ಗಿಗೆ ಗಿರಣಿಗೆ ಬೇರೆ ಇಂಜಿನ್ನು ಬಂತು. ನನಗೆ ಮಳವಳ್ಳಿಯ ಪೇಟೆಯಲ್ಲಿ ಯಾರೂ ಬೋರ್ಡು ಬರೆಸಲಿಲ್ಲ. ಮದ್ದೂರಿಗೆ ಹೋಗಿ ಬಸ್ಸುಗಳಿಗೆ ಬಣ್ಣ ಹಾಕುವ ಕೆಲಸ ಹಿಡಿದೆ.

ಅಲ್ಲಿಗೆ ಒಂದು ದಿನ ಮಿಸ್ತ್ರಿ ಬಂದ. ಮೈಸೂರಿಗೆ ಹೊರಟಿದ್ದ, ಸೈಕಲ್ ಷಾಪಿನಲ್ಲಿ ಕೆಲಸ ಕೇಳಲು. ನಾನು ಬಸ್ಸಿನ ಮಗ್ಗುಲಿಗೆ ಅಂಚು ಎಳೆಯುತ್ತಿದ್ದೆ. ಅವನು ನಿಂತು ನೋಡಿದ. ನಮಸ್ಕಾರ ಹೇಳಲಿಲ್ಲ, ಕುಶಲ ಕೇಳಲಿಲ್ಲ.

"ಆ ಕೆಂಪು ನೀವು ಬಿಟ್ಟಿದ್ರೆ ಜೈಲು," ಎಂದ. "ಹಾಕಿದ್ದಕ್ಕೆ ಬೀದಿ. ಯಾವ್ದಕ್ಕೆ ನಿಮ್ಗೆ ಸಲಾಮ್ ಹೊಡೀಲಿ ಅಣ್ಣ?"

"ಇದ್ದದ್ದನ್ನ ಹಾಕಿದ್ದು."

"ಅದು ಗೊತ್ತು. ನಾನೂ ಇದ್ದದ್ದನ್ನೇ ಯೋಳಿದ್ದು. ಯಜಮಾನ್ರಿಗೆ ಯೋಳ್ದೆ, ಅವರ್ ಲೆಕ್ಕ ಬರ್ಯೋ ರೈಟರಿಗೂ ಯೋಳ್ದೆ, ಮನೇಲಿ ಹೆಂಡ್ತಿಗೂ ಯೋಳ್ದೆ." ಬಸ್ಸಿನ ಹಸಿ ಬಣ್ಣದ ಹತ್ತಿರಕ್ಕೆ ಕೈ ತಂದು, ಮುಟ್ಟದೆ ನಿಲ್ಲಿಸಿದ. "ಆ ಹುಡ್ಗಿಗೆ ಯೋಳ್ನಿಲ್ಲ ನೋಡಿ. ದಿನಾ ಅಲ್ಲೇ ಕುಂತ್ಕೋತಿದ್ಲು, ಬಾಗ್ಲಲ್ಲಿ ಗಾಳಿ ಬತ್ತದೆ ಅಂತ. ಎದ್ದು ಆ ಕಡೀಕ್ ಕುಂತ್ಕೊ ಅಂತ ಒಂದ್ ಮಾತು. ಅದ್ಕೆ ಯಾರ್ ಅಪ್ಣೆ ಬೇಕಿತ್ತು?"

ನಾನು ಕುಂಚವನ್ನು ಡಬ್ಬಿಯಲ್ಲಿಟ್ಟೆ. ಅವನು ರೈಲಿಗೆ ಹೊತ್ತಾಯಿತೆಂದು ಸ್ಟೇಷನ್ನಿನ ಕಡೆಗೆ ನಡೆದ.